ಹೆಬ್ಬೆಟ್ಟು ನಮ್ಮದು, ಹಣ ಪಡೆದವರು ಯಾರೋ: ಗುರುತಿನ ಕಳ್ಳರಿಗೆ ನಮ್ಮ ಮಾಹಿತಿ ಸಿಗುವುದು ಎಲ್ಲಿಂದ?

ಹೊಯ್ಸಳನಾಡು:

ಎಲ್ಲರಿಗೂ ನಮಸ್ಕಾರ. ಹಾಸನ ಜಿಲ್ಲೆಯ ಹಳ್ಳಿಯೊಂದರಲ್ಲಿರುವ ನನ್ನ ಚಿಕ್ಕಮ್ಮನ ಉಳಿತಾಯ ಖಾತೆಯಿಂದ ಅವರಿಗೆ ತಿಳಿಯದಂತೆ ಹಣ ಹೋಗಿದೆ. ಪಾಸ್‌ಬುಕ್ ಎಂಟ್ರಿ ಹಾಕಿಸಲು ಬ್ಯಾಂಕಿಗೆ ಹೋದಾಗ ಹತ್ತು ಸಾವಿರ ರೂಪಾಯಿಯ ನಮೂದುಗಳು ಒಂದರ ಕೆಳಗೊಂದು ಕಂಡವು. ಅವರ ಬಳಿ ಎಟಿಎಂ ಕಾರ್ಡ್ ಇಲ್ಲ, ಸ್ಮಾರ್ಟ್‌ಫೋನ್ ಇಲ್ಲ, ಫೋನ್‌ನಿಂದ ಯಾರಿಗೂ ಒಂದು ರೂಪಾಯಿ ಕಳುಹಿಸಿದವರಲ್ಲ. ಹೀಗಿದ್ದರೂ ಕೌಂಟರಿನಲ್ಲಿದ್ದವರು ಹೇಳಿದ್ದು ಒಂದೇ ಮಾತು: "ಯಾರಿಗೋ ಓಟಿಪಿ ಹೇಳಿರುತ್ತೀರಿ, ನೆನಪು ಮಾಡಿಕೊಳ್ಳಿ." ಆ ಮಾತು ಕೇಳಿದಾಗಿನಿಂದ ಚಿಕ್ಕಮ್ಮ ತಮ್ಮದೇ ತಪ್ಪೆಂದು ನಂಬಿ, ಮನೆಯಲ್ಲಿ ಯಾರೊಂದಿಗೂ ಸರಿಯಾಗಿ ಮಾತನಾಡುತ್ತಿಲ್ಲ.

ಕೆಲವು ತಿಂಗಳ ಹಿಂದೆ ಸಹೋದರರೊಂದಿಗೆ ಜಮೀನಿನ ವಿಭಾಗಪತ್ರಕ್ಕೆ ಸಹಿ ಮಾಡಲು ಅವರು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಹೆಬ್ಬೆಟ್ಟು ಕೊಟ್ಟು ಬಂದಿದ್ದರು ಎಂಬುದನ್ನು ಬಿಟ್ಟರೆ ಬೇರಾವ ಸುಳಿವೂ ನಮಗಿಲ್ಲ. ಓಟಿಪಿ ಇಲ್ಲದೆ ಹಣ ತೆಗೆಯಲು ಸಾಧ್ಯವೇ? ಸಾಧ್ಯವಿದ್ದರೆ ಅದಕ್ಕೆ ಬೇಕಾದ ವಿವರಗಳು ಕಳ್ಳರಿಗೆ ಎಲ್ಲಿಂದ ಸಿಗುತ್ತವೆ? ಬಲ್ಲವರು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ತುಂಗಾತೀರ:

ಹೊಯ್ಸಳನಾಡು ಅವರೇ, ಮೊದಲು ನಿಮ್ಮ ಚಿಕ್ಕಮ್ಮನವರಿಗೆ ಧೈರ್ಯ ಹೇಳಿ. ನಾನು ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು. ನೀವು ಹೇಳಿದ ಲಕ್ಷಣಗಳೆಲ್ಲ ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯತ್ತ, ಅಂದರೆ ಎಇಪಿಎಸ್ ಕಡೆಗೆ ಬೆರಳು ತೋರುತ್ತವೆ. ಅದರಲ್ಲಿ ಓಟಿಪಿಯ ಮಾತೇ ಬರುವುದಿಲ್ಲ. ಆಧಾರ್ ಸಂಖ್ಯೆ, ಖಾತೆ ಇರುವ ಬ್ಯಾಂಕಿನ ಹೆಸರು ಮತ್ತು ಬೆರಳಚ್ಚು, ಈ ಮೂರು ಇದ್ದರೆ ಹಳ್ಳಿಗಳಲ್ಲಿ ಬ್ಯಾಂಕಿನ ಪರವಾಗಿ ಹಣ ಕೊಡುವ ಬ್ಯಾಂಕ್ ಮಿತ್ರರ ಬಳಿ ಇರುವ ಚಿಕ್ಕ ಯಂತ್ರದಿಂದ ಹಣ ಪಡೆಯಬಹುದು. ಖಾತೆ ಸಂಖ್ಯೆಯೂ ಬೇಕಿಲ್ಲ. ಒಂದು ವಹಿವಾಟಿಗೆ ಹತ್ತು ಸಾವಿರ ರೂಪಾಯಿಯ ಮಿತಿ ಇರುವುದರಿಂದಲೇ ಪಾಸ್‌ಬುಕ್ಕಿನಲ್ಲಿ ಅದೇ ಮೊತ್ತ ಮರುಕಳಿಸಿರುವುದು.

ಈ ವ್ಯವಸ್ಥೆಯನ್ನು ನಾನು ದೂಷಿಸಲಾರೆ. ಬ್ಯಾಂಕ್ ಶಾಖೆ ದೂರವಿರುವ ಊರುಗಳಲ್ಲಿ ಪಿಂಚಣಿ ಹಣಕ್ಕಾಗಿ, ಉದ್ಯೋಗ ಖಾತರಿಯ ಕೂಲಿಗಾಗಿ ವೃದ್ಧರು ಬಸ್ಸು ಹಿಡಿದು ತಾಲ್ಲೂಕು ಕೇಂದ್ರಕ್ಕೆ ಬಂದು ದಿನವಿಡೀ ಸಾಲಿನಲ್ಲಿ ನಿಲ್ಲುತ್ತಿದ್ದುದನ್ನು ಕಣ್ಣಾರೆ ಕಂಡವನು ನಾನು. ಅಂಥವರ ಮನೆ ಬಾಗಿಲಿಗೆ ಹಣ ತಲುಪಿಸಿದ ವ್ಯವಸ್ಥೆ ಇದು. ಆದರೆ ಬೆರಳಚ್ಚನ್ನು ಗುಪ್ತ ಸಂಖ್ಯೆಯ ಜಾಗದಲ್ಲಿ ಇಟ್ಟಾಗ ಒಂದು ದೊಡ್ಡ ತೊಡಕು ಉಳಿದುಕೊಂಡಿತು. ಗುಪ್ತ ಸಂಖ್ಯೆ ಬಯಲಾದರೆ ಬದಲಾಯಿಸಬಹುದು, ಬೆರಳನ್ನು ಬದಲಾಯಿಸಲಾಗದು.

ಇನ್ನು ಬೆರಳಚ್ಚು ಸಿಗುವುದು ಎಲ್ಲಿಂದ ಎಂಬ ಪ್ರಶ್ನೆ. ನೋಂದಾಯಿತ ಕ್ರಯಪತ್ರವನ್ನೋ ವಿಭಾಗಪತ್ರವನ್ನೋ ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಅದರಲ್ಲಿ ಭಾವಚಿತ್ರವಿರುತ್ತದೆ, ವಿಳಾಸವಿರುತ್ತದೆ, ಹೆಬ್ಬೆಟ್ಟಿನ ಗುರುತು ಇರುತ್ತದೆ, ಅನೇಕ ಪತ್ರಗಳಲ್ಲಿ ಆಧಾರ್ ಮತ್ತು ಪ್ಯಾನ್ ಸಂಖ್ಯೆಗಳೂ ಇರುತ್ತವೆ. ಹಣ ಯಾವ ಬ್ಯಾಂಕಿನ ಚೆಕ್ಕಿನ ಮೂಲಕ ಸಂದಾಯವಾಯಿತು ಎಂಬ ವಿವರವನ್ನೂ ಕ್ರಯಪತ್ರದಲ್ಲಿ ಬರೆಯುತ್ತಾರೆ. ಅಂದರೆ ಕಳ್ಳನಿಗೆ ಬೇಕಾದ ಮೂರೂ ಸಂಗತಿಗಳು ಒಂದೇ ಕಾಗದದಲ್ಲಿ ಸಿಕ್ಕಿಬಿಡುತ್ತವೆ. ಸ್ಕ್ಯಾನ್ ಮಾಡಿದ ಹೆಬ್ಬೆಟ್ಟಿನ ಗುರುತನ್ನು ರಬ್ಬರಿನಂಥ ಅಥವಾ ಸಿಲಿಕೋನ್ ಪದರಕ್ಕೆ ಇಳಿಸಿ ಯಂತ್ರದ ಮೇಲೆ ಒತ್ತುತ್ತಾರೆ. ಇದು ಇಂದು ನಿನ್ನೆ ಹುಟ್ಟಿದ ವಿದ್ಯೆಯಲ್ಲ. 2018ರಲ್ಲಿ ತೆಲಂಗಾಣದಲ್ಲಿ ಸಿಮ್ ಮಾರುವವನೊಬ್ಬ ನೋಂದಣಿ ಇಲಾಖೆಯ ಜಾಲತಾಣದಿಂದ ದಾಖಲೆಗಳನ್ನು ಇಳಿಸಿಕೊಂಡು, ಅವುಗಳ ಬೆರಳಚ್ಚುಗಳ ಅಚ್ಚು ತಯಾರಿಸಿ, ಮಾರಾಟದ ಗುರಿ ಮುಟ್ಟಲು ಸಾವಿರಾರು ಸಿಮ್‌ಗಳನ್ನು ಚಾಲೂ ಮಾಡಿದ್ದ ಪ್ರಕರಣ ಬಯಲಿಗೆ ಬಂದಿತ್ತು. 2023ರಲ್ಲಿ ಬೆಂಗಳೂರಿನಲ್ಲಿಯೂ ಆಸ್ತಿ ನೋಂದಣಿ ಮಾಡಿಸಿದವರ ಖಾತೆಗಳಿಂದ ಹಣ ಹೋದ ದೂರುಗಳು ಬಂದು, ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿರುವ ದಾಖಲೆಗಳತ್ತ ಪೊಲೀಸರ ಸಂಶಯ ಹರಿದಿತ್ತು. ಅದೇ ವರ್ಷ ಆಧಾರ್ ಪ್ರಾಧಿಕಾರವು ಯಂತ್ರದ ಮೇಲಿರುವುದು ಜೀವಂತ ಬೆರಳೋ ಅಲ್ಲವೋ ಎಂದು ಪರೀಕ್ಷಿಸುವ ಹೊಸ ವಿಧಾನವನ್ನು ಜಾರಿಗೆ ತಂದಿತು.

ಮಲೆನಾಡಿಗ:

ತುಂಗಾತೀರ ಅವರ ವಿವರಣೆ ಉಪಯುಕ್ತವಾಗಿದೆ. ಆದರೂ ಜನರ ಅಜಾಗರೂಕತೆಯನ್ನು ನಾವು ಮರೆಯಬಾರದು ಎಂಬುದು ನನ್ನ ಅಭಿಪ್ರಾಯ. ಆಧಾರ್ ಪ್ರತಿಯನ್ನು ಕೇಳಿದವರಿಗೆಲ್ಲ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸುತ್ತಾರೆ. ಮದುವೆಯ ಆಮಂತ್ರಣವೆಂದೋ, ವಾಹನದ ದಂಡದ ಚಲನ್ ಎಂದೋ ಬಂದ ಎಪಿಕೆ ಕಡತವನ್ನು, ಅಂದರೆ ಫೋನಿಗೆ ಆ್ಯಪ್ ಅಳವಡಿಸುವ ಕಡತವನ್ನು, ಯೋಚಿಸದೆ ಒತ್ತುತ್ತಾರೆ. ಅದು ಫೋನಿನೊಳಗೆ ಕುಳಿತು ಬರುವ ಎಸ್ಎಂಎಸ್‌ಗಳನ್ನೆಲ್ಲ ಕಳ್ಳರಿಗೆ ರವಾನಿಸುತ್ತದೆ. ಉದ್ಯೋಗ ಕೊಡಿಸುತ್ತೇವೆಂದವರಿಗೆ ಪ್ಯಾನ್, ಅಂಕಪಟ್ಟಿ, ಭಾವಚಿತ್ರ, ಸಹಿಯ ಮಾದರಿ ಎಲ್ಲವನ್ನೂ ಒಟ್ಟಿಗೆ ಕೊಡುತ್ತಾರೆ. ಪ್ರತಿಯೊಬ್ಬರೂ ತಮ್ಮ ಕಾಗದಪತ್ರಗಳನ್ನು ಜೋಪಾನ ಮಾಡಿದರೆ ಮುಕ್ಕಾಲು ಪಾಲು ವಂಚನೆ ತಾನಾಗಿ ನಿಲ್ಲುತ್ತದೆ ಎಂದು ನನಗನಿಸುತ್ತದೆ.

ಸೇವಾಕೇಂದ್ರ, ಚಿತ್ರದುರ್ಗ:

ಮಲೆನಾಡಿಗ ಸರ್, ಎಪಿಕೆ ವಿಷಯದಲ್ಲಿ ನಿಮ್ಮ ಮಾತು ನಿಜ, ಆದರೆ ಉಳಿದದ್ದನ್ನು ನಾನು ಒಪ್ಪಲಾರೆ. ನಾನು ನಾಗರಿಕ ಸೇವಾ ಕೇಂದ್ರವೊಂದನ್ನು ನಡೆಸುವವನು. ನನ್ನ ಬಳಿಗೆ ಬರುವವರು ತಮ್ಮ ಇಚ್ಛೆಯಿಂದ ಆಧಾರ್ ಪ್ರತಿ ಕೊಡುವವರಲ್ಲ. ಜಾತಿ ಪ್ರಮಾಣಪತ್ರಕ್ಕೆ, ಬೆಳೆ ವಿಮೆಗೆ, ವಿದ್ಯಾರ್ಥಿವೇತನಕ್ಕೆ, ಹಾಸ್ಟೆಲ್ ಸೀಟಿಗೆ, ಲಾಡ್ಜಿನ ಒಂದು ರಾತ್ರಿಯ ಕೋಣೆಗೆ, ಎಲ್ಲದಕ್ಕೂ ಪ್ರತಿ ಬೇಕು ಎನ್ನುತ್ತಾರೆ, ಇವರು ಕೊಡುತ್ತಾರೆ. ಕೊಡದಿದ್ದರೆ ಅರ್ಜಿ ಮುಂದೆ ಹೋಗುವುದಿಲ್ಲ. ಆ ಪ್ರತಿಗಳು ಆಮೇಲೆ ಯಾವ ಕಪಾಟಿನಲ್ಲಿರುತ್ತವೆ, ರದ್ದಿಗೆ ಹೋದವೋ, ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಉಳಿದವೋ ಎಂದು ಕೇಳುವ ಹಕ್ಕು ಅವರಿಗೆ ಇದೆಯೆಂದು ಯಾರೂ ಹೇಳಿಕೊಟ್ಟಿಲ್ಲ.

2022ರ ಮೇ ತಿಂಗಳ ಸಂಗತಿ ನಿಮಗೆ ನೆನಪಿರಬಹುದು. ಆಧಾರ್ ಪ್ರತಿಯನ್ನು ಸಿಕ್ಕಸಿಕ್ಕ ಸಂಸ್ಥೆಗಳಿಗೆ ಕೊಡಬೇಡಿ, ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಬಳಸಿ ಎಂದು ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯೇ ಪ್ರಕಟಣೆ ಹೊರಡಿಸಿತ್ತು. ಎರಡು ದಿನಗಳಲ್ಲಿ ಕೇಂದ್ರ ಸರ್ಕಾರ ತಪ್ಪು ಅರ್ಥಕ್ಕೆ ಎಡೆಯಾಗಬಹುದೆಂದು ಹೇಳಿ ಅದನ್ನು ಹಿಂಪಡೆಯಿತು. ಆ ಪ್ರಕಟಣೆಯಲ್ಲಿದ್ದ ಸಲಹೆ ಒಳ್ಳೆಯದೇ ಆಗಿತ್ತು ಎಂದು ನಾನು ಈಗಲೂ ನಂಬಿದ್ದೇನೆ. ನನ್ನ ಕೇಂದ್ರಕ್ಕೆ ಬರುವವರಿಗೆ, ಎದುರಿನ ಕಚೇರಿ ಒಪ್ಪುವಲ್ಲೆಲ್ಲ, ಮಾಸ್ಕ್ಡ್ ಪ್ರತಿಯನ್ನೇ ಮುದ್ರಿಸಿ ಕೊಡುತ್ತೇನೆ.

ನಮ್ಮ ವೃತ್ತಿಯಲ್ಲಿಯೇ ನಡೆಯುವ ಒಂದು ಮೋಸವನ್ನು ಇಲ್ಲಿ ಹೇಳಲೇಬೇಕು. ಬೆರಳು ಇಟ್ಟವರಿಗೆ "ಸರ್ವರ್ ಸಿಗುತ್ತಿಲ್ಲ, ಇನ್ನೊಮ್ಮೆ ಇಡಿ" ಎನ್ನುತ್ತಾರೆ. ಮೊದಲ ಬಾರಿಯೇ ಹಣ ಕಡಿತವಾಗಿರುತ್ತದೆ, ಎರಡನೆಯದು ಇನ್ನೊಂದು ಕಡಿತಕ್ಕೆ. ಸಿಮ್ ಮಾರುವ ಕೆಲವರೂ ಹೀಗೆಯೇ ಎರಡು ಬಾರಿ ಬೆರಳು ಇಡಿಸಿ, ಗಿರಾಕಿಯ ಹೆಸರಿನಲ್ಲಿ ಮತ್ತೊಂದು ಸಿಮ್ ಚಾಲೂ ಮಾಡಿ ವಂಚಕರಿಗೆ ಮಾರುತ್ತಾರೆ. ಪ್ರತಿ ಬಾರಿಯೂ ರಸೀದಿ ಕೇಳಿ ಪಡೆಯಿರಿ. ವಹಿವಾಟು ವಿಫಲವಾದರೂ ರಸೀದಿ ಬರುತ್ತದೆ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂದು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ನೋಡಬಹುದು, ನಿಮ್ಮದಲ್ಲದ ಸಂಖ್ಯೆ ಕಂಡರೆ ಅಲ್ಲಿಯೇ ದೂರು ದಾಖಲಿಸಬಹುದು.

ಹೊಯ್ಸಳನಾಡು ಅವರಿಗೆ ಒಂದು ಮಾತು. ಚಿಕ್ಕಮ್ಮನವರ ಬಯೋಮೆಟ್ರಿಕ್ ಅನ್ನು ಇವತ್ತೇ ಲಾಕ್ ಮಾಡಿಸಿ. ಆಧಾರ್ ಪ್ರಾಧಿಕಾರದ ಆ್ಯಪ್‌ನಲ್ಲಿ ಅಥವಾ ಜಾಲತಾಣದಲ್ಲಿ ಮಾಡಬಹುದು, ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಓಟಿಪಿ ಬರುತ್ತದೆ. ಲಾಕ್ ಆದ ಮೇಲೆ ಯಾರು ಅವರ ಬೆರಳಚ್ಚು ಬಳಸಲು ಯತ್ನಿಸಿದರೂ ಯಂತ್ರದಲ್ಲಿ 330 ಎಂಬ ದೋಷಸಂಖ್ಯೆ ಬಂದು ವಹಿವಾಟು ನಿಲ್ಲುತ್ತದೆ. ಆದರೆ ನ್ಯಾಯಬೆಲೆ ಅಂಗಡಿಯಲ್ಲಿ ಅವರೇ ಬೆರಳು ಇಟ್ಟಾಗಲೂ ಅದೇ ದೋಷ ಬರುತ್ತದೆ. ಪಡಿತರ ಪಡೆಯುವ ಮುನ್ನ ಯಾರಾದರೂ ತಾತ್ಕಾಲಿಕವಾಗಿ ತೆರೆದುಕೊಡಬೇಕು. ಫೋನ್ ಬಳಸಲು ಬಾರದ ಹಿರಿಯರು ಒಂಟಿಯಾಗಿರುವ ಮನೆಗಳಲ್ಲಿ ಇದು ಸುಲಭವಲ್ಲ. ಅದಕ್ಕೇ ಎಲ್ಲರೂ ಲಾಕ್ ಮಾಡಿಕೊಳ್ಳಲಿ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುವುದು ನನಗೆ ಸರಿಕಾಣುವುದಿಲ್ಲ.

ಧಾರವಾಡದ ವಕೀಲೆ:

ಈ ಚರ್ಚೆಯಲ್ಲಿ ಕಾನೂನಿನ ಒಂದು ವಿಚಿತ್ರ ಸನ್ನಿವೇಶವನ್ನು ಗಮನಕ್ಕೆ ತರಬಯಸುತ್ತೇನೆ. 1908ರ ನೋಂದಣಿ ಕಾಯ್ದೆಗೆ 2001ರಲ್ಲಿ ಸೇರಿದ 32ಎ ಕಲಮಿನ ಪ್ರಕಾರ ದಾಖಲೆಯನ್ನು ಹಾಜರುಪಡಿಸುವವರು ಭಾವಚಿತ್ರ ಮತ್ತು ಬೆರಳಚ್ಚನ್ನು ಅಂಟಿಸಲೇಬೇಕು. ನಕಲಿ ವ್ಯಕ್ತಿಗಳನ್ನು ನಿಲ್ಲಿಸಿ ಆಸ್ತಿ ಬರೆಸಿಕೊಳ್ಳುವುದನ್ನು ತಡೆಯಲು ಬಂದ ನಿಯಮವದು. ಅದೇ ಕಾಯ್ದೆಯ 57ನೇ ಕಲಮಿನ ಪ್ರಕಾರ ಸ್ಥಿರಾಸ್ತಿಯ ದಾಖಲೆಗಳಿರುವ ಒಂದನೇ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ಪರಿಶೀಲಿಸಬಹುದು, ದೃಢೀಕೃತ ನಕಲು ಪಡೆಯಬಹುದು. ಆಸ್ತಿ ಕೊಳ್ಳುವವರಿಗೆ ಮೋಸವಾಗದಿರಲಿ ಎಂಬ ಸದುದ್ದೇಶ ಅದಕ್ಕೂ ಇದೆ. ಈ ಎರಡು ನಿಯಮಗಳನ್ನು ರೂಪಿಸಿದ ಕಾಲದಲ್ಲಿ ಹೆಬ್ಬೆಟ್ಟಿನಿಂದ ಬ್ಯಾಂಕಿನ ಹಣ ತೆಗೆಯುವ ಯಂತ್ರ ಇರಲಿಲ್ಲ. ಯಂತ್ರ ಬಂದ ಮೇಲೆ ದಾಖಲೆಯ ಪ್ರತಿಗಳಲ್ಲಿ ಬೆರಳಚ್ಚು ಮತ್ತು ಆಧಾರ್ ಸಂಖ್ಯೆಯನ್ನು ಮರೆಮಾಡುವ ಹೊಣೆ ದಾಖಲೆ ಇಟ್ಟುಕೊಂಡವರ ಮೇಲೆ ಬೀಳುತ್ತದೆಯೇ ಹೊರತು ಹೆಬ್ಬೆಟ್ಟು ಒತ್ತಿದ ಹೆಣ್ಣುಮಗಳ ಮೇಲಲ್ಲ. ಕಾನೂನು ಕೇಳಿದ್ದನ್ನು ಅವರು ಕೊಟ್ಟಿದ್ದಾರೆ. ಮಲೆನಾಡಿಗ ಅವರು ಇದನ್ನು ದಯವಿಟ್ಟು ಯೋಚಿಸಬೇಕು.

ಖಾಸಗಿತನವು ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು. ಆ ಮೊಕದ್ದಮೆಯ ಮೊದಲ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದನ್ನು ಹೆಮ್ಮೆಯಿಂದ ನೆನೆಯುತ್ತೇನೆ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಬಂದಿದೆ. ಬೇರೊಬ್ಬರ ಗುಪ್ತಪದ, ವಿದ್ಯುನ್ಮಾನ ಸಹಿ ಅಥವಾ ವಿಶಿಷ್ಟ ಗುರುತನ್ನು ಮೋಸದಿಂದ ಬಳಸುವವರಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ ಮೂರು ವರ್ಷದವರೆಗೆ ಜೈಲು ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ. ಕಂಪ್ಯೂಟರ್ ಅಥವಾ ಫೋನ್ ಬಳಸಿ ಬೇರೊಬ್ಬರಂತೆ ನಟಿಸಿ ವಂಚಿಸಿದರೆ 66ಡಿ ಅನ್ವಯಿಸುತ್ತದೆ.

ಈಗ ನಿಮ್ಮ ಚಿಕ್ಕಮ್ಮನವರ ವಿಷಯ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಿರಿ, ನಿಮ್ಮ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಯಲ್ಲಿಯೂ ದೂರು ಕೊಡಿ. ಬ್ಯಾಂಕಿಗೆ ಬಾಯಿಮಾತಿನ ದೂರು ಸಾಲದು, ಲಿಖಿತವಾಗಿ ಕೊಟ್ಟು ಮುದ್ರೆಯಿರುವ ಸ್ವೀಕೃತಿ ಪಡೆಯಬೇಕು. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ಗ್ರಾಹಕರ ತಪ್ಪಾಗಲಿ ಬ್ಯಾಂಕಿನ ತಪ್ಪಾಗಲಿ ಇಲ್ಲದೆ ಮೂರನೆಯವರಿಂದ ನಷ್ಟವಾದಾಗ, ವಹಿವಾಟಿನ ಬಗ್ಗೆ ಬ್ಯಾಂಕಿನಿಂದ ತಿಳಿವಳಿಕೆ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ಗ್ರಾಹಕರ ಹೊಣೆ ಶೂನ್ಯ. ನಾಲ್ಕರಿಂದ ಏಳು ದಿನಗಳಾದರೆ ಸಾಮಾನ್ಯ ಉಳಿತಾಯ ಖಾತೆಗೆ ಗರಿಷ್ಠ ಹತ್ತು ಸಾವಿರ ರೂಪಾಯಿ, ಕನಿಷ್ಠ ಮೊತ್ತ ಇಡಬೇಕಿಲ್ಲದ ಮೂಲ ಉಳಿತಾಯ ಖಾತೆಗೆ ಐದು ಸಾವಿರ ರೂಪಾಯಿ ಹೊಣೆ. ದಿನಗಳ ಎಣಿಕೆ ಶುರುವಾಗುವುದು ಹಣ ಹೋದ ದಿನದಿಂದಲ್ಲ, ಬ್ಯಾಂಕಿನ ತಿಳಿವಳಿಕೆ ತಲುಪಿದ ಮೇಲೆ ಎಂಬುದನ್ನು ಗಮನಿಸಿ. ಎಸ್ಎಂಎಸ್ ಬಂದಿರಲೇ ಇಲ್ಲ ಎಂದಾದರೆ ಆ ಅಂಶವನ್ನು ದೂರಿನ ಮೊದಲ ಸಾಲಿನಲ್ಲಿಯೇ ಬರೆಯಿರಿ. ದೂರು ತಲುಪಿದ ಹತ್ತು ಕೆಲಸದ ದಿನಗಳೊಳಗೆ ಬ್ಯಾಂಕು ಆ ಮೊತ್ತವನ್ನು ಖಾತೆಗೆ ತಾತ್ಕಾಲಿಕವಾಗಿ ಜಮಾ ಮಾಡಬೇಕು, 90 ದಿನಗಳೊಳಗೆ ದೂರನ್ನು ಇತ್ಯರ್ಥಪಡಿಸಬೇಕು. ಗ್ರಾಹಕರದೇ ತಪ್ಪು ಎಂದು ರುಜುವಾತುಪಡಿಸುವ ಭಾರ ಬ್ಯಾಂಕಿನದು. "ನೆನಪು ಮಾಡಿಕೊಳ್ಳಿ" ಎಂದು ಗ್ರಾಹಕರಿಗೆ ಹೇಳಿ ಕಳುಹಿಸಲು ಈ ಸುತ್ತೋಲೆಯಲ್ಲಿ ಅವಕಾಶವಿಲ್ಲ.

ಉತ್ತರಬೆಂಗಳೂರು:

ಹಣ ಹೋದರೆ ಪಾಸ್‌ಬುಕ್ಕಿನಲ್ಲಾದರೂ ಕಾಣುತ್ತದೆ. ಪ್ಯಾನ್ ದುರುಪಯೋಗವಾದರೆ ವರ್ಷಗಟ್ಟಲೆ ಏನೂ ಕಾಣುವುದಿಲ್ಲ. ನಮ್ಮ ಕಚೇರಿಯ ಸಹೋದ್ಯೋಗಿಯೊಬ್ಬರಿಗೆ ಗೃಹಸಾಲ ನಿರಾಕರಿಸಲ್ಪಟ್ಟಾಗಲೇ ಅವರ ಹೆಸರಿನಲ್ಲಿ ಆ್ಯಪ್ ಒಂದರ ಮೂಲಕ ಯಾರೋ ಸಣ್ಣ ಸಾಲ ಪಡೆದು ಕಟ್ಟದೆ ಬಿಟ್ಟಿದ್ದಾರೆಂದು ತಿಳಿದದ್ದು. ವಸೂಲಿಯವರ ಕರೆಗಳು ಅರ್ಜಿಯಲ್ಲಿ ಬರೆದಿದ್ದ ಬೇರೆ ಯಾವುದೋ ಸಂಖ್ಯೆಗೆ ಹೋಗುತ್ತಿದ್ದುದರಿಂದ ಇವರಿಗೆ ಸುಳಿವೇ ಸಿಕ್ಕಿರಲಿಲ್ಲ.

ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಎಂಬ, ಜನರ ಸಾಲದ ಇತಿಹಾಸವನ್ನು ದಾಖಲಿಸಿಡುವ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ಸಾಲವರದಿಯನ್ನು ಉಚಿತವಾಗಿ ಕೊಡಬೇಕು. ನಾಲ್ಕನ್ನೂ ಒಂದೇ ದಿನ ತರಿಸುವ ಬದಲು ಮೂರು ತಿಂಗಳಿಗೊಂದರಂತೆ ತರಿಸಿದರೆ ವರ್ಷವಿಡೀ ಕಣ್ಣಿಟ್ಟಂತಾಗುತ್ತದೆ. ನಿಮ್ಮದಲ್ಲದ ಸಾಲ ಕಂಡರೆ ತಕರಾರು ಸಲ್ಲಿಸಿ. 30 ದಿನಗಳೊಳಗೆ ಅದು ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ಯಾವುದಾದರೂ ಸಂಸ್ಥೆ ನಿಮ್ಮ ವರದಿಯನ್ನು ತೆರೆದು ನೋಡಿದಾಗ ನಿಮಗೆ ಎಸ್ಎಂಎಸ್ ಅಥವಾ ಇಮೇಲ್ ಬರಬೇಕೆಂಬ ಆದೇಶವೂ ಆಗಲೇ ಹೊರಬಿದ್ದದ್ದು. ನೀವು ಸಾಲ ಕೇಳದಿರುವಾಗ ಅಂಥ ಸಂದೇಶ ಬಂದರೆ ಅಳಿಸಿಹಾಕಬೇಡಿ, ಅದೇ ಮೊದಲ ಎಚ್ಚರಿಕೆ.

ಸಾಲಕ್ಕಿಂತಲೂ ಕ್ರೂರವಾದದ್ದು ಜಿಎಸ್‌ಟಿಯ ದುರುಪಯೋಗ ಎಂದು ನನಗನಿಸುತ್ತದೆ. ಕೂಲಿ ಕೆಲಸದವರಿಗೆ ಸಾಲ ಕೊಡಿಸುತ್ತೇವೆ, ಸರ್ಕಾರದ ಹಣ ಬರುತ್ತದೆ ಎಂದು ನಂಬಿಸಿ ಪ್ಯಾನ್, ಆಧಾರ್, ವಿದ್ಯುತ್ ಬಿಲ್ಲಿನ ಪ್ರತಿ ಪಡೆದು, ಅವರ ಹೆಸರಿನಲ್ಲಿ ಇಲ್ಲದ ವ್ಯಾಪಾರವನ್ನು ನೋಂದಾಯಿಸಿ, ಸುಳ್ಳು ಬಿಲ್ಲುಗಳನ್ನು ಹೊರಡಿಸುತ್ತಾರೆ. ಕೊನೆಗೆ ಕೋಟಿಗಟ್ಟಲೆ ತೆರಿಗೆಯ ನೋಟಿಸು ಆ ಕೂಲಿಕಾರನ ಮನೆಗೆ ಬರುತ್ತದೆ. ಇಂಥ ನಕಲಿ ನೋಂದಣಿಗಳ ವಿರುದ್ಧ 2023ರ ಮೇ ತಿಂಗಳಿಂದ ಜುಲೈವರೆಗೆ ದೇಶಾದ್ಯಂತ ವಿಶೇಷ ಕಾರ್ಯಾಚರಣೆಯನ್ನೇ ನಡೆಸಬೇಕಾಯಿತು. ಒಂದು ಪ್ಯಾನ್‌ಗೆ ಯಾವ ಜಿಎಸ್‌ಟಿ ನೋಂದಣಿಗಳಿವೆ ಎಂದು ಜಿಎಸ್‌ಟಿ ಜಾಲತಾಣದಲ್ಲಿ ಲಾಗಿನ್ ಇಲ್ಲದೆಯೇ ಹುಡುಕಬಹುದು. ಆದಾಯ ತೆರಿಗೆಯ ಜಾಲತಾಣದಲ್ಲಿ ಫಾರ್ಮ್ 26ಎಎಸ್ (ನಿಮ್ಮ ಪ್ಯಾನ್‌ಗೆ ಜಮೆಯಾದ ತೆರಿಗೆಯ ವಿವರ) ಮತ್ತು ವಾರ್ಷಿಕ ಮಾಹಿತಿ ಪಟ್ಟಿಯನ್ನೂ ತೆರೆದು ನೋಡಿ. ಮನೆ ಬಾಡಿಗೆ ಭತ್ಯೆಗಾಗಿ ಯಾರದೋ ಪ್ಯಾನ್ ಅನ್ನು ಮಾಲೀಕರದೆಂದು ನಮೂದಿಸುವ ಚಾಳಿಯೂ ಇರುವುದರಿಂದ, ನೀವು ಪಡೆಯದ ಬಾಡಿಗೆ ಅಲ್ಲಿ ಕಂಡರೆ ಆಶ್ಚರ್ಯವಿಲ್ಲ.

ಹಡ್ಸನ್ ತೀರದ ಕನ್ನಡಿಗ:

ನ್ಯೂಜೆರ್ಸಿಯಿಂದ ಬರೆಯುತ್ತಿದ್ದೇನೆ. 2017ರಲ್ಲಿ ಇಲ್ಲಿ ಇಕ್ವಿಫ್ಯಾಕ್ಸ್ ಸಂಸ್ಥೆಯಿಂದ ಸುಮಾರು 14.7 ಕೋಟಿ ಜನರ ಹೆಸರು, ಹುಟ್ಟಿದ ದಿನಾಂಕ, ಸಾಮಾಜಿಕ ಭದ್ರತಾ ಸಂಖ್ಯೆ ಕಳವಾದಾಗ ನಾವೆಲ್ಲ ಇದೇ ಪ್ರಶ್ನೆ ಕೇಳಿಕೊಂಡೆವು. ಆ ಸಂಸ್ಥೆಗೆ ನಾವು ಯಾರೂ ಮಾಹಿತಿ ಕೊಟ್ಟಿರಲಿಲ್ಲ, ಬ್ಯಾಂಕುಗಳು ಕೊಟ್ಟಿದ್ದವು. ಜೋಪಾನ ಮಾಡಲು ನಮ್ಮ ಕೈಯಲ್ಲಿ ಏನೂ ಇರಲಿಲ್ಲ. ಮರುವರ್ಷ ಸೆಪ್ಟೆಂಬರಿನಿಂದ ಯಾರು ಬೇಕಾದರೂ ತಮ್ಮ ಸಾಲವರದಿಯನ್ನು ಉಚಿತವಾಗಿ ಸ್ತಂಭನಗೊಳಿಸಬಹುದೆಂದು ಕಾನೂನು ಬಂತು. ಸ್ತಂಭನಗೊಂಡ ವರದಿಯನ್ನು ಹೊಸ ಸಾಲದಾತರು ನೋಡಲಾಗದು, ಹಾಗಾಗಿ ನಮ್ಮ ಹೆಸರಿನಲ್ಲಿ ಹೊಸ ಸಾಲ ಹುಟ್ಟುವುದು ಬಹಳ ಕಷ್ಟ. ಇಂಥದ್ದೇ ಉಚಿತ ಹಕ್ಕು ಭಾರತದ ಪ್ರತಿಯೊಬ್ಬರಿಗೂ ಕಾನೂನಿನಿಂದಲೇ ಸಿಗಬೇಕೆಂದು ನನ್ನ ಆಸೆ.

ಹೊರದೇಶದಲ್ಲಿರುವ ನಮ್ಮವರಿಗೆ ಒಂದು ವಿಶೇಷ ಅಪಾಯವಿದೆ. ಮೈಸೂರಿನಲ್ಲೋ ಮಂಗಳೂರಿನಲ್ಲೋ ಖಾತೆ ಮತ್ತು ನಿವೇಶನ ಇಟ್ಟುಕೊಂಡು, ಹಳೆಯ ಭಾರತೀಯ ಸಿಮ್‌ಗೆ ರೀಚಾರ್ಜ್ ಮಾಡುವುದನ್ನು ಬಿಟ್ಟುಬಿಡುತ್ತಾರೆ. ಸ್ಥಗಿತಗೊಂಡ ಸಂಖ್ಯೆಯನ್ನು 90 ದಿನಗಳ ನಂತರ ಕಂಪನಿಗಳು ಬೇರೊಬ್ಬರಿಗೆ ಕೊಡಬಹುದು. ಆಗ ಬ್ಯಾಂಕಿನ ಮತ್ತು ಆಧಾರ್‌ನ ಓಟಿಪಿಗಳು ಅಪರಿಚಿತರೊಬ್ಬರ ಫೋನಿಗೆ ಹೋಗುತ್ತವೆ. ದಯವಿಟ್ಟು ಆ ಸಿಮ್ ಅನ್ನು ಜೀವಂತವಾಗಿಡಿ, ಇಲ್ಲವೇ ಬ್ಯಾಂಕಿನಲ್ಲಿ ಮತ್ತು ಆಧಾರ್‌ನಲ್ಲಿ ಸಂಖ್ಯೆ ಬದಲಾಯಿಸಿದ ಮೇಲೆಯೇ ಬಿಡಿ.

ಮಲೆನಾಡಿಗ:

ವಕೀಲೆಯವರು ಹೇಳಿದ ಎರಡು ಕಲಮುಗಳ ವಿಷಯ ನನಗೆ ಹೊಸದು, ತಿಳಿಸಿದ್ದಕ್ಕೆ ಧನ್ಯವಾದಗಳು. ನನ್ನದೊಂದು ಪ್ರಶ್ನೆ. ಬೆರಳಚ್ಚು ಹೊಂದಾಣಿಕೆಯಾಗಿದೆ, ಆದ್ದರಿಂದ ಹಣ ಪಡೆದದ್ದು ಖಾತೆದಾರರೇ ಎಂದು ಬ್ಯಾಂಕು ವಾದಿಸಿದರೆ ಹಳ್ಳಿಯ ಹಿರಿಯರೊಬ್ಬರು ಅದನ್ನು ಹೇಗೆ ಅಲ್ಲಗಳೆಯಬೇಕು?

ಹೊಯ್ಸಳನಾಡು:

ಎಲ್ಲರಿಗೂ ಕೃತಜ್ಞತೆಗಳು. 1930ಕ್ಕೆ ದೂರು ದಾಖಲಿಸಿ, ಬಯೋಮೆಟ್ರಿಕ್ ಲಾಕ್ ಮಾಡಿಸಿದ್ದೇವೆ. ಸುತ್ತೋಲೆಯ ದಿನಾಂಕವನ್ನು ಬರೆದ ಲಿಖಿತ ದೂರಿಗೆ ಬ್ಯಾಂಕು ಮುದ್ರೆ ಹಾಕಿ ಸ್ವೀಕೃತಿ ಕೊಟ್ಟಿದೆ. ಖಾತೆಗೆ ಜೋಡಿಸಿದ್ದ ಮೊಬೈಲ್ ಸಂಖ್ಯೆ ತೀರಿಹೋದ ಚಿಕ್ಕಪ್ಪನದಾಗಿತ್ತು ಎಂಬುದು ಆಗ ತಿಳಿಯಿತು, ಹಾಗಾಗಿ ಸಂದೇಶಗಳು ಚಿಕ್ಕಮ್ಮನಿಗೆ ತಲುಪಿರಲಿಲ್ಲ. ಆದರೆ ವ್ಯವಸ್ಥಾಪಕರು ಮಲೆನಾಡಿಗ ಅವರು ಹೇಳಿದ ಮಾತನ್ನೇ ಆಡಿದರು: ಬೆರಳಚ್ಚು ಹೊಂದಿದೆ, ನಾವೇನು ಮಾಡೋಣ ಎಂದು. ಇದಕ್ಕೆ ಏನು ಉತ್ತರ ಕೊಡಬೇಕು?

ಧಾರವಾಡದ ವಕೀಲೆ:

ಬ್ಯಾಂಕಿಗೆ ಎರಡನೆಯ ಪತ್ರ ಬರೆಯಿರಿ. ಪ್ರತಿ ವಹಿವಾಟಿನ ನಿಖರ ಸಮಯ, ಯಂತ್ರದ ಗುರುತಿನ ಸಂಖ್ಯೆ, ಅದನ್ನು ನಡೆಸಿದ ಬ್ಯಾಂಕ್ ಮಿತ್ರ ಯಾರು, ಯಂತ್ರ ಯಾವ ಊರಿನಲ್ಲಿ ನೋಂದಣಿಯಾಗಿದೆ, ಅವರ ಹಿಂದಿರುವ ಬ್ಯಾಂಕ್ ಯಾವುದು ಎಂಬ ವಿವರಗಳನ್ನು ಲಿಖಿತವಾಗಿ ಕೇಳಿ. ಎಇಪಿಎಸ್ ವಹಿವಾಟಿನಲ್ಲಿ ಇವೆಲ್ಲ ದಾಖಲಾಗಿರುತ್ತವೆ. ಇಂಥ ಪ್ರಕರಣಗಳಲ್ಲಿ ಹಣ ತೆಗೆದ ಯಂತ್ರ ಬೇರೆ ರಾಜ್ಯದ್ದಾಗಿರುವುದು ಸಾಮಾನ್ಯ. ಆ ದಿನ ಚಿಕ್ಕಮ್ಮನವರು ಊರಿನಲ್ಲಿಯೇ ಇದ್ದರು ಎನ್ನಲು ನ್ಯಾಯಬೆಲೆ ಅಂಗಡಿಯ ರಸೀದಿ, ಆಸ್ಪತ್ರೆಯ ಚೀಟಿ, ಡೇರಿಗೆ ಹಾಲು ಹಾಕಿದ ಪುಸ್ತಕ, ಉದ್ಯೋಗ ಖಾತರಿಯ ಹಾಜರಾತಿ, ಯಾವುದಿದ್ದರೂ ಅದರ ಪ್ರತಿಯನ್ನು ಲಗತ್ತಿಸಿ. ವಿಭಾಗಪತ್ರದ ನೋಂದಣಿ ದಿನಾಂಕವನ್ನೂ ನಮೂದಿಸಿ, ಅದರ ದೃಢೀಕೃತ ನಕಲಿನಲ್ಲಿ ಹೆಬ್ಬೆಟ್ಟು ಮತ್ತು ಆಧಾರ್ ಸಂಖ್ಯೆ ಮರೆಯಿಲ್ಲದೆ ಕಾಣುತ್ತವೆಯೇ ಎಂದು ಒಂದು ನಕಲು ತೆಗೆಸಿ ನೋಡಿ. ಮೊದಲ ದೂರಿನಿಂದ 30 ದಿನಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ ಇದೇ ಕಾಗದಗಳೊಂದಿಗೆ ಗ್ರಾಹಕರ ದೂರುಗಳನ್ನು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು, ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಪತ್ರದ ಕರಡನ್ನು ವೈಯಕ್ತಿಕ ವಿವರಗಳಿಲ್ಲದೆ ಇಲ್ಲಿ ಹಾಕಿದರೆ ನಾನು ಓದಿ ತಿದ್ದಿಕೊಡುತ್ತೇನೆ.